ಮನೆಗಾಡಿ, ಅದರ ಹಿಂದೊಂದು ಕಾರು

ಗಂಡನ ಹೆಸರು ಬಾಯಲ್ಲಿ ಹೇಳ್ಬಾರ್ದು ಅಂತ ನಮ್ಮತ್ತೆ ತಾಕೀತು ಮಾಡಿದ್ರು. ಅವರು ಹೋಗಿ ಎಷ್ಟೋ ಕಾಲ ಆಯ್ತು, ನಾನೂ ಅಜ್ಜಿ ಆದೆ, ಇನ್ನು ಯಾರ ಭಯ? ಹೇಳ್ತೀನಿ ಕೇಳಿ. ಆನಂದಪ್ಪ. ಸಿಂಗಾಪುರದ ಆನಂದಪ್ಪ. ಸಿಂಗಾಪುರ ಅಂದ ತಕ್ಷಣ ವಿಮಾನ ಹತ್ಬೇಡಿ, ಇದು ವಿದ್ಯಾರಣ್ಯಪುರದ ಪಕ್ಕ ಇರೋ ಸಿಂಗಾಪುರ. ಹೊಲ ಇದ್ದ ಕಡೆಯೆಲ್ಲ ಲೇಔಟ್ ಆಗಿ, ಈಗ ಊರಿನೋರನ್ನ ಊರೊಳಗೇ ಹುಡುಕ್ಬೇಕು. ನಾವು ಹಳೇ ಬೀದೀಲೇ ಇದೀವಿ. ಅಲ್ಲಿಗೆ ಬಂದು ಆನಂದಪ್ಪನ ಮನೆ ಎಲ್ಲಿ ಅಂತ ಕೇಳಿ ನೋಡಿ. ‘ಯಾವ ಆನಂದಪ್ಪ, ಆ ಹಳದಿ ವ್ಯಾನಿನ ಹುಚ್ಚನಾ?’ ಅಂತ ಕೇಳಿ ಆಮೇಲೆ ಕೈ ತೋರಿಸ್ತಾರೆ.

ಹುಚ್ಚ ಅಂದೋರ ಬಾಯಿಗೆ ಮಣ್ಣು ಹಾಕ. ನಾನು ಬೈಬಹುದು, ಬೇರೆಯೋರು ಬೈಯೋ ಹಾಗಿಲ್ಲ.

ಗೌರ್ಮೆಂಟ್ ಬಸ್ಸಿನ ಡ್ರೈವರ್ ಆಗಿದ್ರು, ದೂರದ ರೂಟು. ಬೆಳಿಗ್ಗೆ ಖಾಕಿ ಹಾಕ್ಕೊಂಡು ಹೋದ್ರೆ ಮಾರನೇ ದಿನ ಬರೋರು. ಮನೇಲಿ ಮಾತು ಕಮ್ಮಿ. ನಾನು ಹತ್ತು ಮಾತಾಡಿದ್ರೆ ಅವರದ್ದು ಒಂದು ‘ಹ್ಞೂಂ’. ಆ ಒಂದು ಹ್ಞೂಂಗೋಸ್ಕರ ನಾನು ಜಗಳ ಆಡಿದ್ದೂ ಉಂಟು. ರಿಟೈರ್ ಆದ ದಿನ ಅವರ ಕಂಡಕ್ಟ್ರು ವೆಂಕಟರಾಮಯ್ಯನವರು ನನ್ನ ಪಕ್ಕದ ಕುರ್ಚೀಲಿ ಬಂದು ಕೂತು ಹೇಳಿದ್ರು: “ಅಮ್ಮಾ, ನಿಮ್ಮ ಯಜಮಾನ್ರಷ್ಟು ಟೈರ್ ಚೆಕ್ ಮಾಡೋ ಡ್ರೈವರ್‌ನ ನಾನು ನೋಡಿಲ್ಲ. ಒಂದಿಷ್ಟು ಗಿಡಗಂಟಿ ಮರೆ ಇರೋ ಕಡೆ ಬಸ್ ನಿಲ್ಲಿಸಿ, ಟೈರ್ ನೋಡ್ಬೇಕು, ಇಳಿಯೋರು ಇಳೀರಿ ಅನ್ನೋರು. ಹೆಂಗಸರು ಇಳಿದು ಹೋಗಿ ಬರೋರು. ಕೊನೇ ಹೆಂಗಸು ಹತ್ತೋ ತನಕ ಇವರು ಆ ಟೈರ್‌ನ ಒದೀತಾ ನಿಂತಿರೋರು. ಟೈರಿಗೆ ಏನೂ ಆಗಿರ್ತಿರಲಿಲ್ಲ!” ನಾನು ನಕ್ಕೆ. ಮನೆಗೆ ಬಂದ ಮೇಲೂ ಕೇಳಲಿಲ್ಲ.

ಆಮೇಲೆ ನನಗೇ ಆ ಕಷ್ಟ ಬಂತು. ಮುಚ್ಚುಮರೆ ಯಾಕೆ, ಹೇಳೇಬಿಡ್ತೀನಿ. ಗರ್ಭಕೋಶ ತೆಗೆಸಿದ ಮೇಲೆ ನನಗೆ ಒಂದಕ್ಕೆ ಬಂದ್ರೆ ತಡ್ಕೊಳ್ಳೋಕಾಗಲ್ಲ. ಬಂತು ಅನ್ನೋದ್ರೊಳಗೆ ಆಗಿರತ್ತೆ. ಕೆಮ್ಮಿದ್ರೆ, ಸೀನಿದ್ರೆ, ಜೋರಾಗಿ ನಕ್ರೂ ಅಷ್ಟೆ. ಡಾಕ್ಟ್ರು ಮಾತ್ರೆ ಕೊಟ್ರು, ಏನೋ ವ್ಯಾಯಾಮ ಹೇಳ್ಕೊಟ್ರು, ಸ್ವಲ್ಪ ವಾಸಿ ಆಯ್ತು, ಪೂರ್ತಿ ಅಲ್ಲ. ಮಕ್ಕಳಿಗೆ ಕಟ್ಟೋ ಥರದ್ದು ದೊಡ್ಡೋರಿಗೂ ಸಿಗತ್ತೆ ಅಂದ್ರು. ಥೂ, ನಾನೇನು ಕೂಸಾ ಅಂತ ಅದರ ಕಡೆ ತಿರುಗಿಯೂ ನೋಡಲಿಲ್ಲ.

ದೊಡ್ಡಬಳ್ಳಾಪುರ ದಾಟಿ ಗೌರಿಬಿದನೂರು ಕಡೆ ಹೋಗೋವಾಗ ಒಳಗೊಂದು ಹಳ್ಳೀಲಿ ನಮ್ಮಕ್ಕ ಇದಾಳೆ, ಪಿಳ್ಳಮ್ಮ ಅಂತ. ನಮ್ಮಮ್ಮ ತೀರ್ಕೊಂಡಾಗ ನಾನು ಇನ್ನೂ ಸರಿಯಾಗಿ ಜಡೆ ಹಾಕ್ಕೊಳ್ಳೋಕೆ ಬಾರದೋಳು. ನನ್ನ ತಲೆ ಬಾಚಿ, ಮುದ್ದೆ ಮುರಿದು ಬಾಯಿಗಿಟ್ಟು, ಮದುವೆ ಮಾಡಿ ಕಳಿಸಿದ್ದೆಲ್ಲ ಅವಳೇ. ಅವಳ ಮೊಮ್ಮಗನ ಮದುವೆ ಬಂತು. ರೇಷ್ಮೆ ಸೀರೆ ಉಟ್ಕೊಂಡು, ಮುಯ್ಯಿ ಕಟ್ಕೊಂಡು, ಯಲಹಂಕದಲ್ಲಿ ಬಸ್ ಹತ್ತಿದೆ. ಇವರು ಹಿಂದಿನ ದಿನವೇ ಚಪ್ಪರದ ಕೆಲಸಕ್ಕೆ ಅಂತ ಹೋಗಿದ್ರು. ರಾಜಾನುಕುಂಟೆ ಬರೋದ್ರೊಳಗೆ ನನ್ನ ಕಥೆ ಮುಗೀತು. ಬಸ್ಸಿನ ಸೀಟಲ್ಲೇ. ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ಬೇರೆ ಕಡೆ ಹೋಗಿ ನಿಂತ್ಲು, ಒಂದು ಮಾತೂ ಆಡಲಿಲ್ಲ. ಅವಳು ಬೈದಿದ್ರೇ ಚೆನ್ನಾಗಿತ್ತು. ಸೆರಗು ಸುತ್ಕೊಂಡು ಇಳಿದೆ, ಆಟೋ ಹಿಡ್ದು ವಾಪಸ್ ಬಂದೆ. ಅಕ್ಕಂಗೆ ಫೋನ್ ಮಾಡಿ ತಲೆ ತಿರುಗ್ತು ಅಂದೆ. “ಸಿಟಿ ಸೇರ್ದೋಳಿಗೆ ನಮ್ಮ ಮನೆ ಕಣ್ಣಿಗೆ ಕಾಣಾಕಿಲ್ಲ ಬುಡು,” ಅಂದು ಫೋನ್ ಇಟ್ಲು.

ಅವತ್ತಿಂದ ನಾನು ಊರು ಬಿಡಲಿಲ್ಲ. ಯಶವಂತಪುರದಲ್ಲಿರೋ ಮಗಳು ರಾಧಾಮಣಿ ಮನೆಗೂ ಮೊದಲೇ ನೀರು ಕುಡೀದೆ ಹೊಟ್ಟೆ ಒಣಗಿಸ್ಕೊಂಡು ಹೋಗಿ ಬರ್ತಿದ್ದೆ. ಅವಳ ಮಗುವಿನ ನಾಮಕರಣಕ್ಕೆ ಅಕ್ಕನ್ನ ಎಷ್ಟು ಸಲ ಕರೆದೆ! ಮಂಡಿ ನೋವು ಅಂದ್ಲು. ರಾಧಾಮಣಿ ಹೊಸ ಮನೆ ಗೃಹಪ್ರವೇಶಕ್ಕೆ ಕರೆದೆ, ಬೆನ್ನು ನೋವು ಅಂದ್ಲು. ಇದು ನೋವಲ್ಲ, ಸೇಡು ಅಂತ ನನಗೆ ಗ್ಯಾರಂಟಿ ಆಯ್ತು. ಆಗಲಿ, ಅವಳಿಗೇ ಬೇಡ ಅಂದ್ರೆ ನನಗೂ ಬೇಡ ಅಂತ ನಾನೂ ಫೋನ್ ಮಾಡೋದು ಬಿಟ್ಟೆ. ಬಿಟ್ಟೆ ಅನ್ನೋದು ಬಾಯಿಮಾತು. ಫೋನ್ ಬಂದಾಗಲೆಲ್ಲ ಅವಳದ್ದೇನೋ ಅಂತ ಓಡ್ತಿದ್ದೆ.

ನನ್ನ ಈ ವಿಷಯ ಇವರೊಬ್ರಿಗೆ ಗೊತ್ತಿತ್ತು. ಹೇಗೆ ಅಂದ್ರೆ, ಅವತ್ತು ಮದುವೆಯಿಂದ ವಾಪಸ್ ಬಂದೋರು ಹಿತ್ತಲಲ್ಲಿ ರೇಷ್ಮೆ ಸೀರೆ ಪೂರ್ತಿ ನೆನೆಸಿ ಒಗೆದು ಒಣಗಿ ಹಾಕಿದ್ದು ನೋಡಿದ್ರು. ರೇಷ್ಮೆ ಸೀರೆನ ಯಾರಾದ್ರೂ ಹಾಗೆ ಒಗೀತಾರಾ? ರಾತ್ರಿ ಊಟ ಮಾಡ್ತಾ ತಟ್ಟೆ ನೋಡ್ಕೊಂಡೇ, “ನಮ್ಮ ಬಸ್ಸಲ್ಲಿ ಹೆಂಗಸರು ನೀರೇ ಕುಡೀತಿರಲಿಲ್ಲ ಕಣಮ್ಮೀ. ಕನ್ನಡೀಲಿ ನೋಡ್ತಿದ್ದೆ. ತುಟಿ ಒದ್ದೆ ಮಾಡ್ಕೊಂಡು ಬಾಟ್ಲಿ ಮುಚ್ಚೋರು,” ಅಂದ್ರು. ನಾನು ಸಾರಿನ ಪಾತ್ರೆ ಎತ್ಕೊಂಡು ಒಳಗೆ ಹೋಗಿ ಅತ್ತೆ.

ಹೋದ ವರ್ಷ ಅಕ್ಕನ ಮಗ ಸುರೇಶ ಫೋನ್ ಮಾಡಿದ. “ಚಿಕ್ಕಮ್ಮ, ಅಮ್ಮ ಎಲ್ಲೂ ಹೋಗ್ತಿಲ್ಲ. ಮನೆ ಬಿಟ್ಟು ಕದಲಲ್ಲ. ಸರಿಯಾಗಿ ಊಟಾನೂ ಇಲ್ಲ. ನಿಮ್ಮ ಹೆಸರು ಎತ್ತಿದ್ರೆ ಮುಖ ಆ ಕಡೆ ತಿರುಗಿಸ್ಕೊಂಡು ಕಣ್ಣೊರೆಸ್ಕೊಂತಾಳೆ. ಒಂದ್ಸಲ ಬಂದು ಹೋಗಿ.” ಆಯ್ತು ಕಣಪ್ಪ ಅಂದೆ. ಹೇಗೆ ಹೋಗ್ಲಿ? ಸೊಪ್ಪು ಬಿಡಿಸ್ತಾ ಕೂತೋಳು ಕಡ್ಡೀನೆಲ್ಲ ಪಾತ್ರೆಗೆ, ಎಲೇನೆಲ್ಲ ಕಸಕ್ಕೆ ಹಾಕ್ತಿದ್ದೆ. ಇವರು ನೋಡಿದ್ರು, ಬಂದು ಪಕ್ಕದಲ್ಲಿ ಕೂತು ಕಸದಿಂದ ಎಲೆ ಆರಿಸಿ ಪಾತ್ರೆಗೆ ಹಾಕಿದ್ರು.

ಆ ವಾರ ಕಳೆಯೋದ್ರೊಳಗೆ ನಮ್ಮ ಮನೆ ಮುಂದೆ ಒಂದು ಹಳೇ ಸ್ಕೂಲ್ ವ್ಯಾನು ಬಂದು ನಿಂತಿತ್ತು. ಹಳದಿ ಬಣ್ಣ, ಕಿಟಕಿಗೆಲ್ಲ ಕಂಬಿ. “ರೀ, ಏನ್ರೀ ಇದು? ಈ ವಯಸ್ಸಲ್ಲಿ ಯಾವ ಸ್ಕೂಲಿಗೆ ಸೇರ್ಕೊಂಡ್ರಿ?” ಅಂದೆ. “ಮನೆ ಕಟ್ತೀನಿ,” ಅಂದ್ರು. ಇರೋ ಮನೆ ಸೋರ್ತಾ ಇದೆ, ಅದು ಬಿಟ್ಟು ವ್ಯಾನಲ್ಲಿ ಮನೆಯಂತೆ! ನಾನು ಬೀದಿಗೆ ಕೇಳೋ ಹಾಗೆ ಕೂಗಾಡಿದೆ. ರಾಧಾಮಣಿ ಬಂದು, “ಅಪ್ಪ, ನಿಂಗೆ ತಲೆ ಕೆಟ್ಟಿದೆಯಾ?” ಅಂದ್ಲು. ಹ್ಞೂಂ ಅಂದ್ರು.

ಒಳಗಿನ ಸೀಟೆಲ್ಲ ಬಿಚ್ಚಿದ್ರು. ಒಂದು ಕಡೆ ಮಂಚ, ಒಂದು ಕಡೆ ಗ್ಯಾಸ್ ಒಲೆ ಇಡೋಕೆ ಕಟ್ಟೆ. ಕೊನೇಲಿ ತಗಡಿನ ಗೋಡೆ ಕಟ್ಟಿ, ಚಿಲಕ ಇರೋ ಬಾಗಿಲು ಇಟ್ಟು, ಒಳಗೆ ಕಕ್ಕಸು. ಮೇಲೆ ನೀರಿನ ಟ್ಯಾಂಕು, ಕೆಳಗೆ ಗಲೀಜು ತುಂಬೋದಕ್ಕೊಂದು ಟ್ಯಾಂಕು. ಕೂತು ಏಳೋವಾಗ ಹಿಡ್ಕೊಳ್ಳೋಕೆ ಬಸ್ಸಲ್ಲಿರೋ ಥರದ್ದೇ ಒಂದು ಸ್ಟೀಲ್ ಕಂಬಿ. ಆ ಕಂಬಿ ನೋಡಿದ ಮೇಲೆ ನಾನು ಕೂಗಾಡೋದು ಬಿಟ್ಟೆ. ನನ್ನ ಎತ್ತರಕ್ಕೆ ಸರಿಯಾಗಿ ಹಾಕಿದ್ರು, ಅವರ ಎತ್ತರಕ್ಕಲ್ಲ.

ಬೀದಿಯೋರು ಸುಮ್ನಿರ್ತಾರಾ? ವ್ಯಾನಲ್ಲಿ ಕಕ್ಕಸು ಯಾಕೆ ಅಂತ ಒಬ್ಬೊಬ್ರೇ ಬಂದು ಕೇಳಿದ್ರು. ಒಳಗಿಂದ ಕೇಳಿಸ್ಕೊಂಡೆ, ನನ್ನ ಜೀವ ಬಾಯಿಗೆ ಬಂದಿತ್ತು. ಇವರು ಹೇಳಿದ್ರು: “ನನಗೆ ಶುಗರ್ ಕಣಪ್ಪ. ಗಳಿಗೆಗೊಂದ್ಸಲ ಹೋಗ್ಬೇಕು. ಅವಳಿಗೂ ನನ್ನಿಂದ ಎಲ್ಲೂ ಹೋಗೋ ಹಾಗಿಲ್ಲ, ಪಾಪ.” ಅವರಿಗೆ ಯಾವ ಶುಗರೂ ಇಲ್ಲ. ಮೈಸೂರ್‌ಪಾಕ್ ಇಟ್ರೆ ಡಬ್ಬಿ ಖಾಲಿ ಮಾಡೋ ಮನುಷ್ಯ. ಮನೆ ತುಂಬಿಸ್ಕೊಂಡಿದ್ದ ಮೈಸೂರ್‌ಪಾಕ್‌ನ ಅವತ್ತಿಂದ ಬೀದಿಯೋರ ಎದುರಿಗೆ ಮುಟ್ಟೋದೂ ಬಿಟ್ರು. ಇಂಥ ಗಂಡನ್ನ ಏನು ಮಾಡೋದು ಹೇಳಿ. ಬೈಯೋಕೂ ಆಗಲ್ಲ, ಹೊಗಳೋಕೆ ನನಗೆ ಬರಲ್ಲ.

ಇನ್ನು ಕಾರಿನ ವಿಷಯ. ಅಕ್ಕನ ಊರಿನ ಬೀದಿ ಇಕ್ಕಟ್ಟು, ವ್ಯಾನು ನುಗ್ಗಲ್ಲ. ಮೇನ್ ರೋಡಲ್ಲಿ ನಿಲ್ಲಿಸಿ ನಡ್ಕೊಂಡು ಹೋದ್ರೆ ನನಗೆ ದಾರಿ ಸಾಗಲ್ಲ. ನಮ್ಮ ಹತ್ರ ಒಂದು ಪುಟ್ಟ ಹಳೇ ಮಾರುತಿ ಕಾರಿದೆ. ಅದನ್ನ ವ್ಯಾನಿನ ಹಿಂದೆ ಕಟ್ಕೊಂಡು ಹೋಗೋದು, ಊರ ಬಾಗಿಲಲ್ಲಿ ಬಿಚ್ಚಿ ಅದರಲ್ಲಿ ಅಕ್ಕನ ಮನೆ ಮುಂದೆ ಇಳಿಯೋದು. ವಾಪಸ್ ಬೇಕು ಅಂದ್ರೆ ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ವ್ಯಾನಿಗೆ. ಹೊರದೇಶದಲ್ಲಿ ಮನೆಗಾಡಿಯೋರು ಹೀಗೇ ಮಾಡ್ತಾರೆ ಅಂತ ಫೋನಲ್ಲಿ ವಿಡಿಯೋ ತೋರಿಸಿದ್ರು. “ಕಾರನ್ನ ಬೇರೆ ಯಾರಾದ್ರೂ ಓಡಿಸ್ಕೊಂಡು ಬರಲಿ,” ಅಂದೆ. “ಬೇಡ. ಬಂದೋರು ನಮ್ಮ ಜೊತೆಗೇ ಇರ್ತಾರೆ, ನಿನಗೆ ಮುಜುಗರ,” ಅಂದ್ರು.

ನಮ್ಮ ಕಡೆ ಕೆಟ್ಟ ಗಾಡಿ ಎಳೆಯೋವಾಗ ಹಗ್ಗ ಕಟ್ಟಿ, ಹಿಂದಿನ ಗಾಡೀಲಿ ಒಬ್ಬ ಕೂತು ಬ್ರೇಕ್ ಒತ್ತಬೇಕು. ಇಲ್ಲಾಂದ್ರೆ ಮುಂದಿನದು ನಿಂತಾಗ ಹಿಂದಿನದು ಬಂದು ಗುದ್ದತ್ತೆ. ಯಾರೂ ಕೂರದೆ ಆಗ್ಬೇಕು ಅಂದ್ರೆ ಅದಕ್ಕೊಂದು ಏರ್ಪಾಡು ಬೇಕು. ಅಮೃತಹಳ್ಳೀಲಿ ವಾಜಿದ್ ಅಂತ ಇದಾನೆ, ಗಾಡಿ ವೈರಿಂಗ್ ಮಾಡೋನು. ಇವರು ಅವನ ಅಂಗಡೀಲೇ ಠಿಕಾಣಿ ಹೂಡಿದ್ರು. “ಅಂಕಲ್, ನಂಗೆ ಬೇರೆ ಕೆಲ್ಸ ಇಲ್ವಾ? ಹೆಂಡ್ತಿ ಸಬೀರಾ ಕೇಳ್ತಾಳೆ, ಅಂಗಡಿ ನಿಂದಾ ಅಂಕಲ್‌ದಾ ಅಂತ,” ಅಂತ ಅವನು ಬೈಕೊಂಡೇ ಮಾಡಿಕೊಟ್ಟ. ಹಗ್ಗ ಇಲ್ಲ, ಗಟ್ಟಿ ಕಬ್ಬಿಣದ ಬಾರು, ಸಲಾಕೆ ಥರದ್ದು. ಇವರು ವ್ಯಾನಿನ ಬ್ರೇಕ್ ಒತ್ತಿದ್ರೆ ಕಾರಿನಲ್ಲಿಟ್ಟ ಒಂದು ಮೋಟ್ರು ಕಾರಿನ ಬ್ರೇಕನ್ನೂ ಒತ್ತತ್ತೆ. ವ್ಯಾನಿನ ಮುಂದೆ, ನಾನು ಕೂರೋ ಕಡೆ, ಎರಡು ಪುಟ್ಟ ದೀಪ. ಕಾರಿನ ಬ್ರೇಕ್ ಒತ್ತಿದಾಗ ಹಸಿರು ಬರತ್ತೆ, ಬಿಟ್ಟಾಗ ಹೋಗತ್ತೆ. ಬ್ರೇಕ್ ಬಿಡದೆ ಹಿಡ್ಕೊಂಡು ಚಕ್ರ ಕಾಯೋಕೆ ಶುರುವಾದ್ರೆ ಕೆಂಪು.

“ಹಸಿರು ಬಂದು ಹೋಗ್ತಿರ್ಬೇಕು ಆಂಟಿ. ಕೆಂಪು ಬರ್ಲೇಬಾರ್ದು. ಬಂದ್ರೆ ತಕ್ಷಣ ಹೇಳ್ಬೇಕು,” ಅಂದ ವಾಜಿದ್, ಗಾಡಿ ನಮ್ಮ ಮನೆ ಮುಂದೆ ತಂದು ನಿಲ್ಲಿಸಿ. ಕೆಂಪು ಬಂದಾಗ ಕಿರ್ರ್ ಅಂತ ಅರಚೋ ಒಂದು ಗಂಟೇನೂ ಇಟ್ಟಿದ್ದ. ಒಂದ್ಸಲ ಒತ್ತಿ ತೋರಿಸಿದ. ಅಯ್ಯಪ್ಪಾ! ಬೆಚ್ಚಿಬಿದ್ದ ರಭಸಕ್ಕೆ ನಾನು ಮನೆ ಒಳಗೆ ಓಡ್ಬೇಕಾಯ್ತು. ಇವರಿಗೆ ಅರ್ಥ ಆಯ್ತು. “ನನಗೆ ಶಬ್ದ ಆಗಿಬರಲ್ಲ ಗುರು, ಅದನ್ನ ಕಿತ್ತಾಕು. ನಮ್ಮನೆಯೋಳು ದೀಪ ನೋಡ್ಕೊಂತಾಳೆ,” ಅಂದ್ರು.

ಹಾಗೆ ನನಗೊಂದು ಕೆಲಸ ಬಂತು. ಅವರು ರೋಡ್ ನೋಡೋದು, ನಾನು ದೀಪ ನೋಡೋದು. ಜಕ್ಕೂರು ಕಡೆ ಸರ್ವಿಸ್ ರೋಡಲ್ಲಿ ಎರಡು ಸಲ ಹೋಗಿ ಬಂದ್ವಿ. ಹಸಿರು ಬಂತು, ಹೋಯ್ತು. “ಬಂತು ರೀ. ಹೋಯ್ತು ರೀ,” ಅಂತ ನಾನು. ಯಲಹಂಕದಲ್ಲಿ ಒಬ್ಬ ಪೊಲೀಸು ಕೈ ಅಡ್ಡ ಹಾಕಿದ. “ಏನ್ ಯಜಮಾನ್ರೆ, ಹಿಂದಿನ ಕಾರಲ್ಲಿ ಯಾರೂ ಇಲ್ವಲ್ಲ?” ಇವರು ದೀಪ, ಮೋಟ್ರು, ವಾಜಿದ್ ಎಲ್ಲ ಹೇಳಿ, “ನಮ್ಮನೆಯೋಳು ನೋಡ್ತಿರ್ತಾಳೆ ಸಾರ್,” ಅಂದ್ರು. ಪೊಲೀಸು ನನ್ನ ಮುಖ ನೋಡಿದ. ನಾನು ದೀಪದ ಮೇಲಿಂದ ಕಣ್ಣು ತೆಗೀಲಿಲ್ಲ. “ಎಡಗಡೆ ಇಟ್ಕೊಂಡು ನಿಧಾನಕ್ಕೆ ಹೋಗಿ, ಇನ್ನೊಂದ್ಸಲ ಕಂಡ್ರೆ ಬಿಡಲ್ಲ,” ಅಂದ. ಎಷ್ಟೋ ವರ್ಷದ ಮೇಲೆ ನಾನು ಹೀಗೆ ನಿಶ್ಚಿಂತೆಯಾಗಿ ಸುತ್ತಾಡಿದ್ದು. ಒಂದ್ಸಲ ಎದ್ದು ಹಿಂದಿನ ಕಕ್ಕಸಿನ ಬಾಗಿಲು ತೆಗೆದು ಹೋಗಿಯೂ ಬಂದೆ. ಇವರು ಸುಮ್ನೆ ಟೈರ್ ಒದೀತಾ ಕೆಳಗೆ ನಿಂತಿದ್ರು.

ಹೊರಡೋ ದಿನ ನಾನು ಪೂಜೆ ಮಾಡ್ದೆ ಬಿಡ್ತೀನಾ? ವ್ಯಾನಿಗೂ ಕಾರಿಗೂ ಸೇವಂತಿಗೆ ಹಾರ, ಚಕ್ರಕ್ಕೆಲ್ಲ ನಿಂಬೆಹಣ್ಣು, ಕುಂಬಳಕಾಯಿ. ಸ್ಟೇರಿಂಗಿಗೆ, ಗೇರಿಗೆ, ಗಾಜಿಗೆ, ಕೈಗೆ ಸಿಕ್ಕ ಎಲ್ಲದಕ್ಕೂ ಅರಿಶಿನ ಕುಂಕುಮ ಇಟ್ಟೆ. ವಾಜಿದ್ ಕೂರಿಸಿದ್ದ ಆ ದೀಪಕ್ಕೂ ಇಟ್ಟೆ. ದೀಪ ಅಂದ ಮೇಲೆ ಇಡ್ದೆ ಇರ್ತಾರಾ? ಮಂಗಳಾರತಿ ಆಯ್ತು, ಇವರು ವ್ಯಾನ್ ಬಿಟ್ರು, ನಿಂಬೆಹಣ್ಣು ಟಪಟಪ ಅಂತ ಒಡೀತು. ವಾಜಿದ್ ಬಂದು ಬಾರಿನ ಬೋಲ್ಟು ಇನ್ನೊಂದ್ಸಲ ಬಿಗಿ ಮಾಡಿ ಕೈ ಬೀಸಿದ.

ರಾಜಾನುಕುಂಟೆ ದಾಟೋವಾಗ ನಾನು ಮುಖ ಎತ್ತಲಿಲ್ಲ. ದಾಟಿದ ಮೇಲೆ ಒಂದು ನಿಟ್ಟುಸಿರು ಬಿಟ್ಟೆ. “ಗಾಡಿ ಯಾಕೋ ಭಾರ,” ಅಂದ್ರು ಇವರು. “ಟ್ಯಾಂಕ್ ತುಂಬ ನೀರು ತುಂಬಿದೀರಲ್ಲ, ಹಗುರ ಇರತ್ತಾ?” ಅಂದೆ. ಹ್ಞೂಂ ಅಂದ್ರು. ಹಸಿರು ದೀಪ ಸರಿಯಾಗಿ ಬಂದು ಹೋಗ್ತಿತ್ತು. ಪಕ್ಕದ್ದು ಕೆಂಪಗೇ ಇತ್ತು. ಅದು ಕೆಂಪಗಿರೋದು ನಾನು ಇಟ್ಟ ಕುಂಕುಮ ಅಲ್ವಾ ಅಂತ ನಾನು ಆರಾಮಾಗಿದ್ದೆ. ಅಕ್ಕನ ಮುಂದೆ ಏನು ಹೇಳ್ಬೇಕು, ಅವಳು ಬೈದ್ರೆ ಏನು ಬೈಬೇಕು ಅಂತ ಲೆಕ್ಕ ಹಾಕ್ತಾ ಕೂತಿದ್ದೆ.

ದೊಡ್ಡಬಳ್ಳಾಪುರ ಇನ್ನೇನು ಬಂತು ಅನ್ನೋವಾಗ ಬೈಕಲ್ಲಿ ಬಂದೋನೊಬ್ಬ ಪಕ್ಕಕ್ಕೆ ಬಂದು ಕೂಗಿದ: “ಯಜಮಾನ್ರೇ, ಹಿಂದೆ ಹೊಗೆ! ಕಾರಲ್ಲಿ ಹೊಗೆ!” ನಾನು ಸೆರಗಿಂದ ಆ ದೀಪನ ಉಜ್ಜಿದೆ. ಕುಂಕುಮ ಹೋಯ್ತು, ಕೆಂಪು ಹೋಗಲಿಲ್ಲ. ಒಳಗಿಂದ ನಿಗಿನಿಗಿ ಉರೀತಿತ್ತು.

ಇವರು ವ್ಯಾನ್ ಪಕ್ಕಕ್ಕೆ ಹಾಕಿ ಇಳಿದು ಓಡಿದ್ರು. ಆ ವಯಸ್ಸಲ್ಲಿ ಅವರು ಓಡಿದ್ದು ನಾನು ನೋಡಿರಲಿಲ್ಲ. ಕಾರಿನ ಹಿಂದಿನ ಚಕ್ರದಿಂದ ದಟ್ಟ ಹೊಗೆ, ಸುಟ್ಟ ರಬ್ಬರ್ ವಾಸನೆ, ಒಳಗೆ ಸಣ್ಣಗೆ ಬೆಂಕಿ. ರೋಡ್ ಪಕ್ಕದ ಮಣ್ಣು ಬಾಚಿ ಬಾಚಿ ಎರಚಿದ್ರು, ನಾನೂ ಎರಚಿದೆ. ಆರಿತು. ಆಮೇಲೆ ಕಾರಿನ ಬಾಗಿಲು ತೆಗೆದು ಒಳಗೆ ನೋಡಿ, ಹಾಗೇ ನಿಂತ್ಬಿಟ್ರು. ಹ್ಯಾಂಡ್‌ಬ್ರೇಕ್ ಮೇಲಿತ್ತು. ಪೂಜೆ ಹೊತ್ತಲ್ಲಿ ನಿಂಬೆಹಣ್ಣಿಟ್ಟಾಗ ಕಾರು ಅಲ್ಲಾಡ್ಬಾರ್ದು ಅಂತ ಅವರೇ ಒಂಚೂರು ಎಳೆದಿದ್ರಂತೆ. ಬಿಡೋದು ಮರೆತಿದ್ರು. ಸಿಂಗಾಪುರದಿಂದ ಇಲ್ಲೀ ತನಕ ಕಾರು ಬ್ರೇಕ್ ಕಚ್ಕೊಂಡೇ ಬಂದಿದೆ.

“ಅಲ್ರೀ, ಜೀವಮಾನವೆಲ್ಲ ಗಾಡಿ ಓಡಿಸಿದೋರು...” ಅಂತ ಶುರು ಮಾಡಿದೋಳು ಅವರ ಕೈ ನೋಡಿ ನಿಲ್ಲಿಸಿದೆ. ಬೆರಳೆಲ್ಲ ಮಸಿ ಹತ್ತಿ ಕಪ್ಪಾಗಿತ್ತು. ಆಮೇಲೆ ನಾನೇ ಹೇಳಿದೆ, ದೀಪ ಉರೀತಿತ್ತು, ನಾನು ಅದನ್ನ ಕುಂಕುಮ ಅಂದ್ಕೊಂಡೆ ಅಂತ. ಹೇಳ್ತಾ ಹೇಳ್ತಾ ಅಳು ಬಂತು. ಇದ್ದದ್ದು ಒಂದು ಕೆಲಸ, ಅದನ್ನೂ ನೆಟ್ಟಗೆ ಮಾಡಲಿಲ್ಲ. ಇವರು ಟವಲ್ ತೆಗೆದು ಮೊದಲು ನನ್ನ ಕೈ ಮಣ್ಣು ಒರೆಸಿದ್ರು. “ಬಿಡಮ್ಮೀ. ಎಳೆದಿದ್ದು ನಾನು,” ಅಂದ್ರು. “ಇಟ್ಟಿದ್ದು ನಾನು,” ಅಂದೆ. “ಆಯ್ತು, ಇಬ್ರೂ ಸೇರಿ ಸುಟ್ವಿ,” ಅಂದ್ರು. ಅಳ್ತಾ ಇದ್ದೋಳಿಗೆ ನಗು ಬಂತು, ನಗು ಬಂದದ್ದಕ್ಕೆ ವ್ಯಾನ್ ಒಳಗೆ ಓಡ್ಬೇಕಾಯ್ತು.

ಚಕ್ರ ಹಿಡ್ಕೊಂಡ್ಬಿಟ್ಟಿತ್ತು, ಕಾರು ಕದಲಲಿಲ್ಲ. ಅಲ್ಲೇ ಇದ್ದ ಟೀ ಅಂಗಡಿಯೋನಿಗೆ ಹೇಳಿ, ನಾಲ್ಕು ಜನ ಸೇರಿ ಅದನ್ನ ಅವನ ಜಾಗಕ್ಕೆ ಎಳೆದು ಬಿಟ್ವಿ. ವಾಜಿದ್‌ಗೆ ಫೋನ್ ಮಾಡಿದ್ರೆ, “ನಾನು ಬಂದು ತಗೊಂಡು ಹೋಗ್ತೀನಿ ಅಂಕಲ್. ನೀವು ಇಬ್ರೂ ಸರಿಯಾಗಿದೀರಲ್ಲ? ಅಷ್ಟು ಸಾಕು,” ಅಂದ.

ನಾನು ಮನೆಗೆ ಹೋಗಣ ಅಂದೆ. ಕಾರಿಲ್ಲದೆ ಅಕ್ಕನ ಮನೆ ತನಕ ನಡೆಯೋಕೆ ನನ್ನಿಂದ ಆಗಲ್ಲ. ಮಧ್ಯೆ ಬೀದೀಲಿ, ಆ ಊರಿನೋರೆಲ್ಲ ಜಗುಲಿ ಮೇಲೆ ಕೂತು ನೋಡ್ತಿರೋವಾಗ ಏನಾದ್ರೂ ಆದ್ರೆ ನಾನು ಉಳಿಯೋದುಂಟಾ? ಇವರು ಹತ್ತಿ ಸ್ಟೇರಿಂಗ್ ಹಿಡ್ಕೊಂಡ್ರು. ಆಮೇಲೆ, “ಊರ ಬಾಗಿಲ ತನಕ ಹೋಗಣ. ಅಷ್ಟಾದ್ರೂ ಹೋಗಣ,” ಅಂದ್ರು. ಆ ಮಾತನ್ನ ಅವರು ಹೇಳಿದ ರೀತಿಗೆ ನನಗೆ ಇಲ್ಲ ಅನ್ನೋಕೆ ಆಗಲಿಲ್ಲ.

ಊರ ಬಾಗಿಲಲ್ಲಿ ಒಂದು ದೊಡ್ಡ ಹುಣಸೇಮರ. ಅದರ ಕೆಳಗೆ ವ್ಯಾನ್ ನಿಲ್ಲಿಸಿದ್ರು. “ನೀನು ಇಲ್ಲೇ ಇರು, ನಾನು ಹೋಗಿ ಕರ್ಕೊಂಡು ಬರ್ತೀನಿ,” ಅಂತ ಒಬ್ರೇ ನಡ್ಕೊಂಡು ಹೋದ್ರು. ಅವಳು ಬರಲ್ಲ ಅಂತ ನನಗೆ ಗೊತ್ತಿತ್ತು. ನಮ್ಮಕ್ಕನ ಹಟ ನನಗೆ ಗೊತ್ತಿಲ್ವಾ? ತಂಗಿ ಊರ ಬಾಗಿಲಿಗೆ ಬಂದು ಮನೆಗೆ ಬರಲಿಲ್ಲ ಅಂದ್ರೆ ಅವಳು ಬಾಗಿಲು ಹಾಕ್ಕೊಳ್ಳೋಳೇ ಹೊರತು ಬರೋಳಲ್ಲ. ಕಿಟಕಿ ಕಂಬಿ ಹಿಡ್ಕೊಂಡು ಆ ಬೀದೀನೇ ನೋಡ್ತಾ ಕೂತೆ. ಕಾಫಿಗೆ ನೀರಿಟ್ಟೆ, ಆರಿಸಿದೆ, ಮತ್ತೆ ಇಟ್ಟೆ.

ಬಂದ್ಲು. ಇವರ ಕೈ ಹಿಡ್ಕೊಂಡು, ನಿಧಾನಕ್ಕೆ, ಸಣ್ಣ ಸಣ್ಣ ಹೆಜ್ಜೆ ಹಾಕ್ಕೊಂಡು ಬಂದ್ಲು. ಎಷ್ಟು ಇಳಿದು ಹೋಗಿದ್ಲು! ರವಿಕೆ ತೋಳು ಜೋತಾಡ್ತಿತ್ತು. ಹಿಂದೆ ಸುರೇಶ. ವ್ಯಾನಿನ ಮೆಟ್ಟಿಲ ಹತ್ರ ನಿಂತು ನನ್ನ ಕೆಳಗಿಂದ ಮೇಲೆ ನೋಡಿದ್ಲು.

“ಏನಮ್ಮ ಸಿಟಿಯೋಳೇ. ನಮ್ಮ ಮನೆ ಒಸ್ಲು ತುಳಿದ್ರೆ ಕಾಲು ಸವೀತದಾ? ಗಂಡನ್ನ ಕಳ್ಸವ್ಳೆ ದೊರೆಸಾನಿ!”

“ನೀನು ನಮ್ಮ ಮನೆ ಹೊಸಿಲು ತುಳಿದು ಎಷ್ಟು ವರ್ಷ ಆಯ್ತಕ್ಕ? ಮಂಡಿ ನೋವಂತೆ, ಬೆನ್ನು ನೋವಂತೆ! ನನ್ನ ಮೊಮ್ಮಗಳ ಮುಖ ನೋಡಿದೀಯಾ ನೀನು?” ನಾನೂ ಬಿಡಲಿಲ್ಲ. ದಾರೀಲೆಲ್ಲ ಲೆಕ್ಕ ಹಾಕ್ಕೊಂಡಿದ್ದ ಮಾತು ಒಂದೂ ನೆನಪಾಗಲಿಲ್ಲ, ಬೇರೇದೇ ಬಂತು.

“ನನ್ ಮೊಮ್ಮಗನ ಮದ್ವೆಗೆ ಬರ್ದೆ ಇದ್ದೋಳು ನೀನು! ನನ್ ಕೈಯಾರೆ ಸಾಕ್ದೋಳು, ಎಲ್ರೂ ಕೇಳೋರು, ಎಲ್ಲಿ ನಿನ್ ತಂಗಿ, ಎಲ್ಲಿ ನಿನ್ ತಂಗಿ ಅಂತ. ನಾನು ಏನಂತ ಏಳ್ಲಿ...”

ಅಷ್ಟು ಹೇಳಿ ನಿಲ್ಲಿಸಿದ್ಲು. ಮಾತು ನಿಂತದ್ದು ಸಿಟ್ಟಿಗಲ್ಲ. ಮುಖ ಬಿಗಿಯಾಯ್ತು, ತೊಡೆ ಒತ್ತಿ ಹಿಡಿದ್ಲು, ಸೀರೆ ನೆರಿಗೇನ ಮುಷ್ಟೀಲಿ ಹಿಡ್ಕೊಂಡ್ಲು. ಕಣ್ಣು ಅತ್ತ ಇತ್ತ ಹುಡುಕ್ತಿತ್ತು, ಮರದ ಹಿಂದೆ, ಗೋಡೆ ಕಡೆ. ಆ ಕಣ್ಣು ಏನು ಹುಡುಕ್ತಿದೆ ಅಂತ ಭೂಮಿ ಮೇಲೆ ಇನ್ಯಾರಿಗೆ ಗೊತ್ತಾಗದಿದ್ರೂ ನನಗೆ ಗೊತ್ತಾಯ್ತು. ನಾನು ಅವಳ ತೋಳು ಹಿಡ್ದು ಮೇಲೆ ಹತ್ತಿಸ್ಕೊಂಡು, ನೇರ ಹಿಂದಕ್ಕೆ ಕರ್ಕೊಂಡು ಹೋಗಿ ಆ ಬಾಗಿಲು ತೆಗೆದು ಒಳಗೆ ಬಿಟ್ಟೆ. “ಕಂಬಿ ಹಿಡ್ಕೋ ಅಕ್ಕ,” ಅಂದೆ. ಚಿಲಕ ಹಾಕ್ಕೊಂಡ್ಲು. ಕಿಟಕಿಯಿಂದ ನೋಡಿದೆ, ಇವರು ಸುರೇಶನ್ನ ಮಾತಾಡಿಸ್ತಾ ದೂರಕ್ಕೆ ಕರ್ಕೊಂಡು ಹೋಗ್ತಿದ್ರು.

ಹೊರಗೆ ಬಂದು ಮಂಚದ ಮೇಲೆ ಕೂತ್ಲು. ನನ್ನ ಮುಖ ನೋಡಲಿಲ್ಲ.

“ನಿನಗೆ ಯಾವಾಗಿಂದ ಅಕ್ಕ?” ಅಂದೆ.

“ಏನು ಯಾವಾಗಿಂದ?”

“ನನಗೆ ಆಪರೇಷನ್ ಆದಾಗಿಂದ. ನಿನ್ನ ಮೊಮ್ಮಗನ ಮದುವೆಗೆ ಬರ್ತಾ ಬಸ್ಸಲ್ಲೇ ಆಗೋಯ್ತು. ರೇಷ್ಮೆ ಸೀರೆ ಉಟ್ಕೊಂಡು ಬರ್ತಿದ್ದೆ ಅಕ್ಕ. ರಾಜಾನುಕುಂಟೆ ತನಕ ಬಂದಿದ್ದೆ.”

ಅಕ್ಕ ತಲೆ ಎತ್ತಿದ್ಲು. ಆಮೇಲೆ ಒಂದೊಂದೇ ಹೇಳಿದ್ಲು. ನಾಮಕರಣಕ್ಕೆ ಹೊರಟು ಬಸ್ ಸ್ಟ್ಯಾಂಡ್ ತನಕ ಬಂದಿದ್ಲಂತೆ. ಕೂಸಿಗೆ ಅಂತ ಬೆಳ್ಳಿ ಉಡಿದಾರ ಮಾಡಿಸಿ ಸೊಂಟಕ್ಕೆ ಸಿಕ್ಕಿಸ್ಕೊಂಡಿದ್ಲಂತೆ. ಬಸ್ಸು ಬಂದಾಗ ಹತ್ತೋಕೆ ಧೈರ್ಯ ಆಗದೆ, ಮಂಡಿ ನೋವು ಅಂತ ವಾಪಸ್ ನಡೆದ್ಲಂತೆ. ಗೃಹಪ್ರವೇಶಕ್ಕೆ ಹಿಂದಿನ ದಿನದಿಂದ ನೀರೇ ಕುಡೀದೆ ಕೂತು, ತಲೆ ಸುತ್ತಿ ಬಿದ್ದಿದ್ಲಂತೆ. ಮಗನಿಗೂ ಹೇಳಿಲ್ಲ, ಸೊಸೆಗೂ ಹೇಳಿಲ್ಲ.

“ನಿಂಗೆ ಸಿಟ್ಟು ಅಂದ್ಕೊಂಡಿದ್ದೆ ಕಣೇ,” ಅಂದ್ಲು.

“ನಿನಗೆ ಸೇಡು ಅಂದ್ಕೊಂಡಿದ್ದೆ ಅಕ್ಕ.”

ಅವಳು ನನ್ನ ತಲೇನ ತೊಡೆ ಮೇಲೆ ಎಳ್ಕೊಂಡ್ಲು. ಇಬ್ರೂ ಅತ್ವಿ, ಮುಚ್ಚಿಡೋಕೆ ಏನಿತ್ತು ಅಲ್ಲಿ? ಎಷ್ಟು ವರ್ಷ ಸುಮ್ನೆ ಹಾಳು ಮಾಡ್ಕೊಂಡ್ವಿ! ಅವಳು ನನ್ನ ಬಿಳಿ ಕೂದಲಲ್ಲಿ ಬೆರಳಾಡಿಸ್ತಾ, “ಎಣ್ಣೆ ಹಾಕಾಕಿಲ್ವೇನೇ, ಒಣ ಉಲ್ಲಿದ್ದಂಗೆ ಐತೆ,” ಅಂತ ಬೈದ್ಲು. ಬೈಸ್ಕೊಂಡು ಎಷ್ಟು ಕಾಲ ಆಗಿತ್ತು.

“ಅಲ್ವೇ, ಆನಂದಪ್ಪಂಗೆ ಸಕ್ಕರೆ ಕಾಯ್ಲೆ, ಅದಕ್ಕೆ ವ್ಯಾನಲ್ಲಿ ಇದೆಲ್ಲ ಮಾಡ್ಸಿದೀನಿ ಅಂದ. ದಾರೀಲಿ ಬರ್ತಾ ಅದನ್ನೇ ಏಳ್ತಿದ್ದ,” ಅಂದ್ಲು ಅಕ್ಕ.

“ಅವರಿಗೆ ಏನೂ ಇಲ್ಲ ಅಕ್ಕ. ನನ್ನ ಮಾನ ಹೋಗ್ಬಾರ್ದು ಅಂತ ಊರಿಗೆಲ್ಲ ಹಾಗೆ ಹೇಳ್ಕೊಂಡು ತಿರುಗ್ತಾರೆ.” ಇಷ್ಟು ದಿನ ಯಾರ ಹತ್ರಾನೂ ಹೇಳಿರಲಿಲ್ಲ. ಹೇಳಿದಾಗ ನನಗೇ ಕೇಳಿಸ್ತು ಅದು ಎಷ್ಟು ದೊಡ್ಡದು ಅಂತ. ಕಿಟಕಿ ಹೊರಗೆ ನೋಡಿದ್ರೆ ಹುಣಸೇಮರದ ಬೇರಿನ ಮೇಲೆ ಕೂತು, ಹೆಗಲ ಮೇಲಿನ ಟವಲಿಂದ ಮಸಿ ಹತ್ತಿದ ಕೈ ಒರೆಸ್ಕೊಳ್ತಿದ್ರು. ನಾನು ಅವರನ್ನ ಬಹಳ ಬೈದಿದೀನಿ. ನನಗೆ ಅವರಂದ್ರೆ ಪ್ರಾಣ. ಬಾಯಿಬಿಟ್ಟು ಅವರಿಗೆ ಹೇಳಲ್ಲ, ನಿಮಗೆ ಹೇಳ್ತಿದೀನಿ.

ಕಾಫಿ ಮಾಡ್ದೆ. ಅಕ್ಕ ಲೋಟ ತುಂಬ ಕುಡಿದ್ಲು, ಇನ್ನೊಂದು ಲೋಟ ಕೇಳಿ ಕುಡಿದ್ಲು, ಆಮೇಲೆ ಒಂದು ಚೊಂಬು ನೀರು ಗಟಗಟ ಅಂತ ಕುಡಿದ್ಲು. ನಾನೂ ಕುಡಿದೆ. ಮಾತಿಗೆ ಮಾತು ಬೆಳೀತು, ಮಧ್ಯೆ ಮಧ್ಯೆ ಒಬ್ಬೊಬ್ರೇ ಎದ್ದು ಹೋಗಿ ಬಂದ್ವಿ. ಅವಳ ಸೊಸೆ ಮುದ್ದೆ, ಬಸ್ಸಾರು ತಂದು ಕೊಟ್ಟು ಹೋದ್ಲು. ಇವರಿಗೆ ಅಲ್ಲೇ ಮರದ ಕೆಳಗೆ ಬಡಿಸಿದ್ವಿ.

ಸಂಜೆ ದನ ಮನೆಗೆ ಬರೋ ಹೊತ್ತಿಗೆ ಸುರೇಶ ಬಂದು ಮೆಟ್ಟಿಲ ಹತ್ರ ನಿಂತ. “ಅಮ್ಮ, ಎದ್ದು ಬಾ, ಮನೆಗೆ ಹೋಗಣ. ಎಷ್ಟೊತ್ತು ಹೀಗೆ ರೋಡಲ್ಲಿ ಕೂತ್ಕೊಂತೀಯ?”

ಅಕ್ಕ ಕಾಲು ಮಡಚಿ ಮಂಚದ ಮೇಲೆ ಇನ್ನೂ ಒಳಕ್ಕೆ ಸರಿದು ಕೂತ್ಲು.

“ರೋಡಲ್ಲಿ ಯಾರ್ಲಾ ಕೂತವ್ರೆ? ನಾನು ನನ್ ತಂಗಿ ಮನೇಗೆ ಬಂದಿವ್ನಿ. ಇವತ್ತು ಇಲ್ಲೇ ಉಳ್ಕೊಂತೀನಿ, ಓಗಿ ಮನೇಲಿ ಏಳು.”